ಶೆಟ್ಟಿಹಳ್ಳಿ ಚರ್ಚ್ ಯಾರದ್ದು?

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನ ಫೋಟೋ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತೆ. ನೀರಿನ ಮಧ್ಯೆ ಚಾವಣಿಯಿಲ್ಲದ ಗೋಡೆಗಳು, ಚೂಪು ಕಮಾನುಗಳು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಏಳುತ್ತೆ. ಬೆಂಗಳೂರಿನ ನಮ್ಮಂಥ ಐಟಿ ಮಂದಿಗೆ ಅದೊಂದು ವೀಕೆಂಡ್ ಟ್ರಿಪ್. ಪ್ರೀ-ವೆಡ್ಡಿಂಗ್ ಶೂಟಿನವರಿಗಂತೂ ಹೇಳಿ ಮಾಡಿಸಿದ ಜಾಗ.

ಜಪಮಾಲೆ ಮಾತೆಯ ಹೆಸರಿನ ಈ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ರಂತೆ ಅಂತ ಊರವರು ಹೇಳ್ತಾರೆ. (ಹಳೇ ಕಟ್ಟಡ ಅಂದ್ರೆ ಈ ಬೆಲ್ಲ-ಮೊಟ್ಟೆ ಕತೆ ಇದ್ದೇ ಇರುತ್ತೆ ಬಿಡಿ!) ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗೀತು. ಹಾಸನ, ಮಂಡ್ಯ, ತುಮಕೂರಿನ ಗದ್ದೆಗಳಿಗೆ ಕಾಲುವೆ ನೀರು ಹರೀತು. ಇಲ್ಲಿಗೆ ಹಿನ್ನೀರು ಬಂತು, ಜನ ಗಂಟುಮೂಟೆ ಕಟ್ಟಿದರು. ಚರ್ಚ್ ಮಾತ್ರ ಉಳೀತು.

ನಾನು ಹೋದಾಗ ದಡದಲ್ಲಿ ದನ ಮೇಯಿಸ್ತಿದ್ದ ಅಜ್ಜ ಒಬ್ಬರು ಸಿಕ್ಕರು. "ನೀವು ಈ ಚರ್ಚಿನವರಾ ಅಜ್ಜ?" ಅಂದೆ. "ಅಲ್ಲ ಕಣಪ್ಪ, ನಾವು ಒಕ್ಕಲಿಗ್ರು. ಆದ್ರೆ ಹಬ್ಬದ ದಿನ ನಾವೂ ಬರ್ತಿದ್ವಿ. ಈ ಗಂಟೆ ಹೊಡೆದ್ರೆ ಎತ್ತು ಬಿಚ್ಚೋ ಹೊತ್ತು ಅಂತ್ಲೇ ಲೆಕ್ಕ. ಯಾರತ್ರ ವಾಚಿತ್ತು?"

ಗೂಗಲ್‌ನಲ್ಲಿ ಎಷ್ಟು ಹುಡುಕಿದ್ರೂ ಇದು ಸಿಗಲ್ಲ. ಅಲ್ಲಿರೋದು ಬರೀ 'ಮುಳುಗುವ ಚರ್ಚ್', ಡ್ರೋನ್ ವಿಡಿಯೋ, ಒಂದೆರಡು ದೆವ್ವದ ಕತೆ.

ಕಟ್ಟಡವೂ ಹೆಚ್ಚು ದಿನ ತಾಳೋ ಹಾಗಿಲ್ಲ. ವರ್ಷ ವರ್ಷ ನೆನೆದು, ಒಣಗಿ, ಮತ್ತೆ ನೆನೆದು ಇಟ್ಟಿಗೆ ಪುಡಿಯಾಗ್ತಿದೆ, ಗೋಡೆಯ ಭಾಗಗಳು ಈಗಾಗಲೇ ಕುಸಿದಿವೆ. ಅದರ ಮೇಲೆ ನಮ್ಮವರು ಹತ್ತಿ ಪೋಸು ಕೊಡೋದು, ಪ್ರೇಮಿಗಳ ಹೆಸರು ಕೆತ್ತೋದು. ಜಲಾಶಯದೊಳಗಿನ ಕಟ್ಟಡ ರಿಪೇರಿ ಮಾಡೋದು ಸುಲಭದ ಕೆಲಸ ಅಲ್ಲ, ಒಪ್ತೀನಿ. ಆದ್ರೆ ಆ ಗಂಟೆ ಕೇಳಿದವರಲ್ಲಿ ತೀರಾ ಕಿರಿಯರಿಗೇ ಈಗ ಐವತ್ತು ದಾಟಿರುತ್ತೆ. ಅವರ ಮಾತು ರೆಕಾರ್ಡ್ ಮಾಡೋಕೆ ಸರ್ಕಾರದ ಅನುದಾನ ಬೇಕಾ? ಜೇಬಲ್ಲಿರೋ ಫೋನು ಸಾಕು.

ಅಜ್ಜನ ಹತ್ತಿರ ಅರ್ಧ ಗಂಟೆ ರೆಕಾರ್ಡ್ ಮಾಡ್ಕೊಂಡೆ. ಯಾರ ಮನೆ ಎಲ್ಲಿತ್ತು, ಸಂತೆಗೆ ಹೋಗೋ ದಾರಿ ಯಾವುದು ಅಂತ ಕೋಲಿನಲ್ಲಿ ನೀರಿನ ಕಡೆ ತೋರಿಸ್ತಾ ಹೋದರು. ದೂರದಲ್ಲಿ ಮೀನು ಹಿಡಿಯೋರ ತೆಪ್ಪ ಒಂದು ನಿಂತಿತ್ತು.

"ಅದರ ಕೆಳಗೇ ನಮ್ಮ ಬಾವಿ. ಬೇಸಿಗೇಲಿ ನೀರು ಸಾಲ್ದೆ ಎಷ್ಟು ಒದ್ದಾಡಿದ್ವಿ ಗೊತ್ತಾ" ಅಂತ ಅಜ್ಜ ಜೋರಾಗಿ ನಕ್ಕರು.