ಪದವಿ ಬಂತು, ವಿದ್ಯೆ ಎಲ್ಲಿ?

ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಊರಿನಿಂದ ಒಬ್ಬ ಹುಡುಗ ಇಂಜಿನಿಯರಿಂಗ್ ಕಾಲೇಜು ಸೇರಿದನೆಂದರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಇಡೀ ಮೊಹಲ್ಲಾದ ಸಂತೋಷವಾಗುತ್ತದೆ. ಭದ್ರಾ ನಾಲೆಯ ನೀರನ್ನು ನಂಬಿ ಭತ್ತ ಬೆಳೆಯುವ ತಂದೆ ಸಾಲ ಮಾಡುತ್ತಾನೆ. ತಾಯಿಯ ಬಳೆಗಳು ಅಡವಿಗೆ ಹೋಗುತ್ತವೆ. ನಾಲ್ಕು ವರ್ಷಗಳ ಬಳಿಕ ಅದೇ ಹುಡುಗ ಪದವಿಪತ್ರ ಹಿಡಿದು ಬೆಂಗಳೂರಿನಲ್ಲಿ ಸಂದರ್ಶನಗಳಿಗಾಗಿ ಅಲೆಯುತ್ತಾನೆ. ಕೊನೆಗೆ ತಾನು ಓದಿದ್ದಕ್ಕೆ ಸಂಬಂಧವೇ ಇಲ್ಲದ ಕೆಲಸವೊಂದನ್ನು ಅಲ್ಪ ಸಂಬಳಕ್ಕೆ ಒಪ್ಪಿಕೊಳ್ಳುತ್ತಾನೆ. ಊರವರು ಹುಡುಗನನ್ನು ದೂರುತ್ತಾರೆ. ಅವನಿಗೆ ಏನನ್ನು ಕಲಿಸಿದಿರಿ ಎಂದು ಕಾಲೇಜನ್ನು ಯಾರೂ ಕೇಳುವುದಿಲ್ಲ.

ಇದು ಒಬ್ಬಿಬ್ಬರ ಕಥೆಯಲ್ಲ. ಭಾರತದ ಇಂಜಿನಿಯರುಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಕೆಲಸಕ್ಕೆ ಅರ್ಹರಾದವರು ನಾಲ್ವರಲ್ಲಿ ಒಬ್ಬರು ಮಾತ್ರ ಎಂದು 2005ರಲ್ಲಿ ಮೆಕಿನ್ಸಿ ಸಂಸ್ಥೆಯ ಅಧ್ಯಯನ ಹೇಳಿತ್ತು. 2019ರ ಆಸ್ಪೈರಿಂಗ್ ಮೈಂಡ್ಸ್ ವರದಿಯ ಪ್ರಕಾರ ಶೇ. 80ರಷ್ಟು ಇಂಜಿನಿಯರುಗಳು ಜ್ಞಾನಾಧಾರಿತ ಉದ್ಯೋಗಗಳಿಗೆ ಅನರ್ಹರು. ಇಂತಹ ಸಮೀಕ್ಷೆಗಳ ಮಾನದಂಡಗಳ ಬಗ್ಗೆ ತಕರಾರು ಇರಬಹುದು. ಆದರೆ ಅವು ಬೊಟ್ಟು ಮಾಡಿದ ರೋಗವನ್ನು ಅಲ್ಲಗಳೆಯಲಾಗದು.

ದಾವಣಗೆರೆ-ಹರಿಹರದ ಮಣ್ಣಿಗೆ ತಾಂತ್ರಿಕ ವಿದ್ಯೆ ಹೊಸದೇನಲ್ಲ. 1941ರಲ್ಲಿ ಸ್ಥಾಪನೆಯಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. 1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಯಂತ್ರವನ್ನು ತಯಾರಿಸುವ ಕಾರ್ಖಾನೆ ಮತ್ತು ಯಂತ್ರವನ್ನು ಕಲಿಸುವ ಕಾಲೇಜು ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದ್ದವು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಅದೇ ಕಾಲದಲ್ಲಿ ರಾಜ್ಯದ ತುಂಬ ಇಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದವು. ಕೈಕೆಲಸದೊಂದಿಗಿದ್ದ ನಂಟನ್ನು ವಿದ್ಯೆ ಕಡಿದುಕೊಂಡಿತು.

ನಾವು ಇಲ್ಲಿ ಯಾವುದೇ ಒಂದು ಕಾಲೇಜಿನತ್ತ ಬೆರಳು ತೋರಿಸುತ್ತಿಲ್ಲ. ದೋಷವಿರುವುದು ವ್ಯವಸ್ಥೆಯಲ್ಲಿ. 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದಲ್ಲಿ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಸಾಮಾನ್ಯ ಕಾಲೇಜಿನಲ್ಲಿ ಪಾಠವೆಂದರೆ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆಸುವುದು ಎಂಬಂತಾಗಿದೆ. 2022ರ ಪಠ್ಯಕ್ರಮದಲ್ಲಿ ಅರ್ಧದಷ್ಟು ಅಂಕಗಳನ್ನು ಕಾಲೇಜಿನೊಳಗಿನ ಮೌಲ್ಯಮಾಪನಕ್ಕೆ ಮೀಸಲಿಡಲಾಗಿದೆ. ಪ್ರಾಮಾಣಿಕ ಅಧ್ಯಾಪಕನ ಕೈಯಲ್ಲಿ ಅದು ಉತ್ತಮ ಕ್ರಮವೇ. ಫಲಿತಾಂಶವನ್ನಷ್ಟೇ ನೋಡುವ ಆಡಳಿತದ ಕೈಯಲ್ಲಿ ಅದು ಅಂಕ ಹಂಚುವ ದಾರಿಯಾಗಬಲ್ಲದು. ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂದಿದ್ದ ನಿಯಮವನ್ನು ಎ.ಐ.ಸಿ.ಟಿ.ಇ. 2018ರಲ್ಲಿ ಇಪ್ಪತ್ತಕ್ಕೆ ಸಡಿಲಿಸಿತು. ಹತ್ತನೆಯ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತ ಹುಡುಗ ಇಂಗ್ಲಿಷ್ ಪಾಠ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುತ್ತಾನೆ. ಅವನಿಗೆ ಉಳಿಯುವ ದಾರಿ ಬಾಯಿಪಾಠ ಒಂದೇ.

ನಮ್ಮವರ ಗ್ಯಾರೇಜುಗಳನ್ನು ನೋಡಿ. ಅಲ್ಲಿ ಶಾಗಿರ್ದನಾಗಿ ಸೇರಿದ ಹುಡುಗ ಮೊದಲು ಸ್ಪ್ಯಾನರ್ ಎತ್ತಿಕೊಡುತ್ತಾನೆ, ಆಮೇಲೆ ಇಂಜಿನ್ ಬಿಚ್ಚುತ್ತಾನೆ, ಕೊನೆಗೊಂದು ದಿನ ತಾನೊಬ್ಬನೇ ಜೋಡಿಸಿ ಚಾಲೂ ಮಾಡುತ್ತಾನೆ. ಇಂಜಿನ್ ಚಾಲೂ ಆಗದಿದ್ದರೆ ಉಸ್ತಾದ್ ಅವನನ್ನು ತೇರ್ಗಡೆ ಮಾಡುವುದಿಲ್ಲ. ಆದರೆ ಒಮ್ಮೆಯೂ ಇಂಜಿನ್ ಬಿಚ್ಚದೆ ಮೆಕ್ಯಾನಿಕಲ್ ಪದವಿ ಪಡೆಯಲು ಸಾಧ್ಯವಿದೆ! ಶಾಲೆಯ ಮೆಟ್ಟಿಲು ಹತ್ತದ ಉಸ್ತಾದನಿಗಿರುವ ನಿಷ್ಠೆ ವಿದ್ಯಾಲಯಗಳಿಗೆ ಇಲ್ಲದಿರುವುದು ಎಂತಹ ವಿಪರ್ಯಾಸ!

ಸರಕಾರದ ಪಾತ್ರವನ್ನೂ ಮರೆಯುವಂತಿಲ್ಲ. ಬಡ ವಿದ್ಯಾರ್ಥಿಗೆ ಆಸರೆಯಾಗಬೇಕಿದ್ದ, ಇಂದು ವಿಶ್ವವಿದ್ಯಾಲಯದ ಘಟಕ ಕಾಲೇಜಾಗಿರುವ ಯು.ಬಿ.ಡಿ.ಟಿ.ಯಲ್ಲಿ ಅರ್ಧದಷ್ಟು ಸೀಟುಗಳನ್ನು ಪೇಮೆಂಟ್ ಕೋಟಾಕ್ಕೆ ಒಳಪಡಿಸಿದ್ದನ್ನು ವಿರೋಧಿಸಿ 2024ರಲ್ಲಿ ದಾವಣಗೆರೆಯ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಅದೇ ವರ್ಷ ಎ.ಐ.ಸಿ.ಟಿ.ಇ., ಅದು ಉತ್ತಮವೆಂದು ಗುರುತಿಸಿದ ಕಾಲೇಜುಗಳಿಗೆ ಒಂದು ವಿಭಾಗದ ಸೀಟುಗಳ ಮೇಲಿದ್ದ ಗರಿಷ್ಠ ಮಿತಿಯನ್ನು ತೆಗೆದುಹಾಕಿತು. ಸೀಟುಗಳನ್ನು ಹೆಚ್ಚಿಸುವಾಗ ತೋರುವ ಉತ್ಸಾಹ ಪಾಠದ ಗುಣಮಟ್ಟವನ್ನು ಪರಿಶೀಲಿಸುವಾಗ ಎಲ್ಲಿ ಹೋಗುತ್ತದೆ?

ಇನ್ನು ನಮ್ಮ ಪಾಲಿನ ತಪ್ಪು. ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ ಇಪ್ಪತ್ತೈದು ಮಂದಿಗೆ ಒಬ್ಬ ಮುಸ್ಲಿಮ್ ವಿದ್ಯಾರ್ಥಿ ಇದ್ದಾನೆಂದು 2006ರ ಸಾಚಾರ್ ವರದಿ ತಿಳಿಸಿತು. ಆ ಬಳಿಕ ಸಮುದಾಯ ಶಿಕ್ಷಣದತ್ತ ಹೆಚ್ಚು ಗಮನ ಹರಿಸಿತು. ಅದು ಅಭಿಮಾನದ ಸಂಗತಿ. ಆದರೆ ನಾವು ತಲೆ ಎಣಿಸಿದೆವು, ತಲೆಯೊಳಗೆ ಏನು ಸೇರಿತೆಂದು ನೋಡಲಿಲ್ಲ. ಮಗಳಿಗೆ ವರ ಹುಡುಕುವಾಗ ಹತ್ತು ಕಡೆ ವಿಚಾರಿಸುವ ನಾವು ಲಕ್ಷಾಂತರ ರೂಪಾಯಿ ಸುರಿಯುವ ಕಾಲೇಜನ್ನು ಅದರ ಕಟ್ಟಡ ನೋಡಿ ಆರಿಸುತ್ತೇವೆ. ಸಮುದಾಯದ ಸಂಸ್ಥೆಗಳು ನಡೆಸುವ ಕಾಲೇಜುಗಳೂ ಇದೇ ಪ್ರಶ್ನೆಗೆ ಉತ್ತರಿಸಬೇಕು. ಹೆಸರು ನಮ್ಮದೆಂಬ ಕಾರಣಕ್ಕೆ ರಿಯಾಯಿತಿ ಸಲ್ಲದು.

ಆದ್ದರಿಂದ ಹೆತ್ತವರು ಶುಲ್ಕ ಕಟ್ಟುವ ಮುನ್ನ ಕೆಲವು ಪ್ರಶ್ನೆ ಕೇಳಲಿ. ಮಗ ಸೇರುವ ವಿಭಾಗದಲ್ಲಿ ಖಾಯಂ ಅಧ್ಯಾಪಕರು ಎಷ್ಟು? ಎನ್.ಬಿ.ಎ. ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ, ಅದೂ ನಿಗದಿತ ಅವಧಿಗೆ. ಈ ವಿಭಾಗಕ್ಕೆ ಅದು ಈಗಲೂ ಇದೆಯೇ? ಅಧ್ಯಾಪಕರ ಮತ್ತು ಶುಲ್ಕದ ವಿವರಗಳನ್ನು ಪ್ರಕಟಿಸುವುದು ಕಾಲೇಜಿನ ಕರ್ತವ್ಯ, ಪ್ರಕಟಿಸಿದೆಯೇ? ಪ್ರಯೋಗಾಲಯದ ಯಂತ್ರಗಳು ಓಡುತ್ತಿವೆಯೇ, ಧೂಳು ಹಿಡಿದಿವೆಯೇ? ಅಲ್ಲೇ ಓದುತ್ತಿರುವ ನಮ್ಮೂರಿನ ಹುಡುಗನನ್ನು ವಿಚಾರಿಸಿದರೆ ಅರ್ಧ ಉತ್ತರ ಸಿಗುತ್ತದೆ. ಮಗನ ಒಲವು ಕೈಕೆಲಸದತ್ತ ಇದ್ದರೆ ಡಿಪ್ಲೊಮಾ ಕಲಿತು ನೇರವಾಗಿ ಪದವಿಯ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಇದೆ, ಅದು ಅವಮಾನವಲ್ಲ. ಜಮಾಅತ್ ಸಮಿತಿಗಳು ಸನ್ಮಾನ ಸಭೆಗಳಿಗೆ ಮಾಡುವ ಖರ್ಚಿನ ಒಂದು ಪಾಲನ್ನು ಮೊದಲ ವರ್ಷದ ವಿದ್ಯಾರ್ಥಿಗಳ ಇಂಗ್ಲಿಷ್ ಮತ್ತು ಗಣಿತದ ಸಂಜೆ ತರಗತಿಗಳಿಗೆ ಮೀಸಲಿಡಲಿ.

ತಾಯಿಯ ಬಳೆ ಅಡವಿಟ್ಟು ತಂದ ಹಣ ಕಾಲೇಜಿನ ಕೈಯಲ್ಲಿರುವ ಅಮಾನತ್. ಅದರ ಲೆಕ್ಕ ಕೇಳುವ ಹಕ್ಕು ಹೆತ್ತವರಿಗಿದೆ. ಕೇಳದೆ ಸುಮ್ಮನಿದ್ದು, ನಾಲ್ಕು ವರ್ಷಗಳ ಬಳಿಕ ಮಗನನ್ನು ದೂರುವುದು ನ್ಯಾಯವಲ್ಲ.