ಕೈ ದಾಟುವ ದುಡ್ಡು, ಕೈಗೆ ಉಳಿಯುವ ದುಡ್ಡು

“ತೆರಿಗೆ ಕೊಡೋದು ಗಿರಾಕಿ. ಪ್ಲಂಬರ್‌ಗೆ ಏನ್ರೀ ನಷ್ಟ?” ಪುಣೆ ಬಳಿಯ ರಾವೇತದ ಅಪಾರ್ಟ್‌ಮೆಂಟ್ ಒಂದರ ಸಭೆಯಲ್ಲಿ ಕೇಳಿದ ಮಾತಿದು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಇಳಿದ ಮೇಲೆ ಇಂಥ ಮಾತು ಇನ್ನೂ ಜೋರಾಗಿದೆ. ದರ ಇಳಿಯಿತಲ್ಲ, ಸಣ್ಣವರ ಕಷ್ಟವೂ ತೀರಿತು ಎಂದು ಓದಿಕೊಂಡವರೇ ನಂಬಿದ್ದಾರೆ.

ತೀರಿಲ್ಲ. ಪ್ಲಂಬರ್‌ಗೆ ಪೆಟ್ಟು ಬೀಳುತ್ತಿರುವುದು ದರದಿಂದ ಅಲ್ಲ, ಅವನ ದುಡಿಮೆಯನ್ನು ಅಳೆಯುವ ಅಳತೆಗೋಲಿನಿಂದ. ಅವನ ಕೈ ದಾಟಿ ಹೋಗುವ ದುಡ್ಡನ್ನೆಲ್ಲ ಕಾನೂನು ಅವನ ವಹಿವಾಟು ಎಂದು ಎಣಿಸುತ್ತದೆ. ಕೈಗೆ ಎಷ್ಟು ಉಳಿಯಿತು ಎಂದು ಕೇಳುವುದೇ ಇಲ್ಲ.

ದೇಹೂ ರೋಡಿನ ಸುತ್ತ ಈಗ ಪ್ಲಂಬರ್‌ಗೆ ಕೆಲಸಕ್ಕೆ ಬರವಿಲ್ಲ. ಇತ್ತ ಕಂಟೋನ್ಮೆಂಟು, ಸೇನೆಯ ಡಿಪೋ, ಹಳೆಯ ಚಾಳುಗಳು. ಅತ್ತ ಕಿವಳೆ, ಮಾಮುರ್ಡಿ, ರಾವೇತಗಳಲ್ಲಿ ಎದ್ದು ನಿಂತ ಹೊಸ ಕಟ್ಟಡಗಳು. ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ದುಡಿಯಲು ಬಂದ ನಮ್ಮ ಹುಡುಗರು ಇಂಥ ಕೆಲಸಗಳಲ್ಲೂ ಇದ್ದಾರೆ. ಅವರಲ್ಲೊಬ್ಬನ ಲೆಕ್ಕ ಹಾಕಿ ನೋಡೋಣ. ಒಂದು ಬಚ್ಚಲುಮನೆಗೆ ಪೈಪು, ನಲ್ಲಿ, ಕಮೋಡು, ಗೀಜರ್ ಸೇರಿ ಅಂಗಡಿಯ ತೆರಿಗೆಯೂ ಒಳಗೊಂಡು 60,000 ರೂಪಾಯಿ ಸಾಮಾನು, 15,000 ರೂಪಾಯಿ ಮಜೂರಿ ಎಂದಿಟ್ಟುಕೊಳ್ಳಿ. ಸಾಮಾನನ್ನು ಅವನೇ ತಂದು, ಲಾಭ ಇಟ್ಟುಕೊಳ್ಳದೆ ಹಾಕಿಕೊಟ್ಟ. ಅವನ ವಹಿವಾಟು 75,000. ಹೀಗೆ 27ನೇ ಬಚ್ಚಲುಮನೆ ಮುಗಿಯುವಷ್ಟರಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟುತ್ತದೆ, ನೋಂದಣಿ ಕಡ್ಡಾಯವಾಗುತ್ತದೆ. ಅಷ್ಟರಲ್ಲಿ ಅವನಿಗೆ ಬಂದ ಮಜೂರಿ 4 ಲಕ್ಷದ ಆಸುಪಾಸು. ಅದರಲ್ಲೇ ಹೆಲ್ಪರ್‌ನ ಪಗಾರ, ಗಾಡಿಯ ಪೆಟ್ರೋಲು, ಮನೆ ಬಾಡಿಗೆ.

ಅದೇ ಪೈಪು ಮಾರಿದ ಅಂಗಡಿಯವನನ್ನು ನೋಡಿ. ಬರೀ ಸಾಮಾನು ಮಾರುವವನಿಗೆ 2019ರ ಏಪ್ರಿಲ್‌ನಿಂದ ಮಿತಿ 40 ಲಕ್ಷ. ಮಾರಿದ್ದನ್ನು ಜೋಡಿಸಿಯೂ ಕೊಡುವವನಿಗೆ ಇಂದಿಗೂ 20 ಲಕ್ಷ. ಮೈಮುರಿದು ದುಡಿದದ್ದಕ್ಕೆ ಮಿತಿ ಅರ್ಧಕ್ಕೆ ಇಳಿಯಿತು. ಇದಕ್ಕೆ ಯಾವ ನ್ಯಾಯವಿದೆ?

ನೋಂದಣಿ ಆದ ಮೇಲೆ ದಾರಿ ಎರಡು. ಒಂದು, ಮಾಮೂಲಿ ದಾರಿ: ಪೂರ್ತಿ ಕೆಲಸದ ಮೇಲೆ ಶೇ 18 ಹಾಕಬೇಕು. ಸಾಮಾನಿಗೆ ಕಟ್ಟಿದ ತೆರಿಗೆ ವಾಪಸು ಸಿಗುವುದರಿಂದ ನಿಜವಾದ ಹೆಚ್ಚಳ ಮಜೂರಿಯ ಮೇಲಿನ 2,700 ರೂಪಾಯಿ. ಆದರೆ ಮನೆಯವರಿಗೆ ಆ ತೆರಿಗೆ ಎಲ್ಲಿಂದಲೂ ವಾಪಸು ಬರುವುದಿಲ್ಲ. ಪಕ್ಕದ ಗಲ್ಲಿಯ ನೋಂದಣಿ ಇಲ್ಲದವನು 75,000ಕ್ಕೆ ಮಾಡಿಕೊಡುವಾಗ ಇವನಿಗೆ 77,700 ಯಾರು ಕೊಡುತ್ತಾರೆ? ಕೊನೆಗೆ ಆ 2,700 ಇವನ ಮಜೂರಿಯಿಂದಲೇ ಹೋಗುತ್ತದೆ. ಮೇಲೆ ರಿಟರ್ನ್ ತುಂಬುವವನ ಫೀಸು; ಒಂದು ರೂಪಾಯಿ ವ್ಯಾಪಾರವಿಲ್ಲದ ಅವಧಿಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ.

ಎರಡನೆಯದು, ಸಣ್ಣವರಿಗೆ ಅನುಕೂಲ ಎಂದೇ ಹೇಳುವ ರಾಜಿ ತೆರಿಗೆ (ಕಾಂಪೊಸಿಷನ್). 50 ಲಕ್ಷದವರೆಗಿನ ಸೇವೆಯವರಿಗೆ ಶೇ 6. ಕೇಳಲು ಹಗುರ. ಆದರೆ ಶೇ 6 ಬೀಳುವುದು ಪೂರ್ತಿ 75,000ದ ಮೇಲೆ: 4,500 ರೂಪಾಯಿ. ಅದನ್ನು ಗಿರಾಕಿಯಿಂದ ತೆರಿಗೆಯೆಂದು ವಸೂಲಿ ಮಾಡುವಂತಿಲ್ಲ, ಸಾಮಾನಿಗೆ ಕಟ್ಟಿದ ತೆರಿಗೆಯೂ ವಾಪಸು ಬರುವುದಿಲ್ಲ. 15,000 ಮಜೂರಿಯಲ್ಲಿ 4,500 ಎಂದರೆ ಶೇ 30. ಅನುಕೂಲದ ಹೆಸರಿನಲ್ಲಿ ಕೂಲಿಯ ಮೂರನೇ ಒಂದು ಪಾಲಿನ ಹತ್ತಿರ ಕಿತ್ತುಕೊಳ್ಳುವುದನ್ನು ನಾನು ಒಪ್ಪಲಾರೆ.

ಆದ್ದರಿಂದಲೇ ತಿಳಿದ ಪ್ಲಂಬರ್ “ಸಾಮಾನು ನೀವೇ ತಂದುಕೊಡಿ ಸಾಹೇಬ್ರೆ, ನಂದು ಮಜೂರಿ ಮಾತ್ರ” ಎನ್ನುತ್ತಾನೆ. ಆಗ ಅವನ ವಹಿವಾಟು ಒಂದು ಬಚ್ಚಲಿಗೆ 15,000 ಮಾತ್ರ. ಆದರೆ ಮನೆಯವರಿಗೆ ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಸಾದಾ ಪಿವಿಸಿ ತಡೆಯುವುದಿಲ್ಲ ಎಂದು ಗೊತ್ತಿರುವುದಿಲ್ಲ. ತಪ್ಪು ಅಳತೆಯ ಎಲ್ಬೋ ಬರುತ್ತದೆ, ಕೆಲಸ ಅರ್ಧಕ್ಕೆ ನಿಂತು ಅವನ ದಿನ ಹಾಳಾಗುತ್ತದೆ. ಬೆಳೆದು ಗುತ್ತಿಗೆದಾರನಾಗಬಹುದಾದವನನ್ನು ಕಾನೂನೇ ದಿನಗೂಲಿಯಾಗಿ ಉಳಿಯಲು ಹೇಳಿದಂತಾಯಿತು.

ಇದೇ ಪ್ಲಂಬರ್ ಮೊಬೈಲ್ ಆ್ಯಪ್ ಮೂಲಕ ಬಂದರೆ ಕತೆ ಬೇರೆ. ನೋಂದಣಿ ಬೇಕಿಲ್ಲದ ಪ್ಲಂಬರ್ ಪರವಾಗಿ ಆ್ಯಪ್ ಕಂಪನಿಯೇ ತೆರಿಗೆ ಕಟ್ಟಬೇಕು ಎಂದು 2017ರ ಆಗಸ್ಟ್‌ನಲ್ಲೇ ನಿಯಮವಾಯಿತು. 2018ರ ಜನವರಿಯಲ್ಲಿ ಅದಕ್ಕೆ ಶೇ 5ರ ದರ ಬಂತು. ಪ್ಲಂಬರ್ ಲೆಕ್ಕಪತ್ರ ಇಡಲಾರ ಎಂಬುದು ಸರ್ಕಾರಕ್ಕೆ ಗೊತ್ತಿದೆ ಎಂದಾಯಿತು. ದೊಡ್ಡ ಕಂಪನಿಯ ನೆರಳಿನಲ್ಲಿದ್ದಾಗ ಆ ತಿಳಿವಳಿಕೆ ಕೆಲಸ ಮಾಡುತ್ತದೆ, ಸ್ವಂತ ಕಾಲ ಮೇಲೆ ನಿಂತಾಗ ಮಾಡುವುದಿಲ್ಲ.

ಎದುರು ವಾದಗಳಲ್ಲಿ ಕೆಲವಕ್ಕೆ ತೂಕವಿದೆ. ಹಿಂದಿನ ಕಾಲ ಇದಕ್ಕಿಂತ ಚೆನ್ನಾಗಿತ್ತೇ? ಇರಲಿಲ್ಲ. ಸೇವಾ ತೆರಿಗೆಯ ಮಿತಿ 10 ಲಕ್ಷವಿತ್ತು, ಸಾಮಾನಿಗೆ ವ್ಯಾಟ್ ಬೇರೆ. ದೇಹೂ ರೋಡಿನ ಪಕ್ಕದ ಪಿಂಪ್ರಿ-ಚಿಂಚವಡ ಪಾಲಿಕೆಗೆ ಸಾಮಾನು ಒಯ್ಯಲು 2013ರ ಮಾರ್ಚ್‌ವರೆಗೆ ಜಕಾತಿ, ಆಮೇಲೆ ಎಲ್‌ಬಿಟಿ (ಸ್ಥಳೀಯ ಸಂಸ್ಥೆ ತೆರಿಗೆ). 2017ರ ಜುಲೈ 1ರಂದು ಬಂದ ಜಿಎಸ್‌ಟಿ ಹಲವು ತೆರಿಗೆಗಳನ್ನು ಒಂದಾಗಿಸಿದ್ದು ದೊಡ್ಡ ಕೆಲಸ. ನಿಯತ್ತಾಗಿ ತೆರಿಗೆ ಕಟ್ಟುವವನ ಎದುರು ಕಟ್ಟದವನು ಅಗ್ಗಕ್ಕೆ ಕೆಲಸ ಹಿಡಿಯುವುದೂ ಅನ್ಯಾಯವೇ. ಪಕ್ಕಾ ಬಿಲ್ಲು ಇದ್ದವನಿಗೆ ಸೊಸೈಟಿಯ ಕೆಲಸ ಸಿಗುತ್ತದೆ, ಬ್ಯಾಂಕ್ ಸಾಲ ಸಿಗುತ್ತದೆ. ಇದೆಲ್ಲ ನಿಜ, ಆದರೆ ಇದ್ಯಾವುದೂ ತಪ್ಪು ಅಳತೆಗೋಲನ್ನು ಸರಿ ಮಾಡುವುದಿಲ್ಲ. ಇನ್ನು ಇವರೆಲ್ಲ ತೆರಿಗೆಗಳ್ಳರು ಎನ್ನುವವರು ಒಮ್ಮೆಯಾದರೂ ಪ್ಲಂಬರ್ ಜೊತೆ ಕೂತು ಅವನ ಲೆಕ್ಕ ನೋಡಿಲ್ಲ.

ದರ ಇಳಿದದ್ದೂ ಎಲ್ಲರಿಗೂ ಲಾಭವಾಗಲಿಲ್ಲ. ಸೋಲಾರ್ ವಾಟರ್ ಹೀಟರ್ ಮೊದಲು ಶೇ 5ರಲ್ಲಿತ್ತು, 2022ರ ಜುಲೈ 18ಕ್ಕೆ ಶೇ 12 ಆಯಿತು, 2025ರಲ್ಲಿ ಮತ್ತೆ ಶೇ 5. ಹಳೆಯ ದರದಲ್ಲಿ 20,000ದ ಹೀಟರನ್ನು ತೆರಿಗೆ ಸೇರಿ 22,400ಕ್ಕೆ ತಂದು ಮನೆಯಲ್ಲಿಟ್ಟುಕೊಂಡಿದ್ದ, ನೋಂದಣಿ ಇಲ್ಲದ ಫಿಟ್ಟರ್‌ನ ಗತಿ ಏನು? ದರ ಇಳಿದ ಮರುದಿನ ಅಂಗಡಿಯಲ್ಲಿ ಅದು 21,000. ಆ 1,400 ಅವನ ಮೈಮೇಲೆ. ಗೀಜರ್, ಪೈಪು, ನಲ್ಲಿಗಳೋ ಶೇ 18ರಲ್ಲೇ ನಿಂತಿವೆ.

2025ರ ಜುಲೈನಲ್ಲಿ ಕರ್ನಾಟಕ ಕಂಡದ್ದೂ ಕೈ ದಾಟುವ ದುಡ್ಡನ್ನೇ ಅಳೆಯುವ ಇದೇ ತಪ್ಪು. ಯುಪಿಐ ಖಾತೆಗೆ ಬಂದ ದುಡ್ಡು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು, ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ. ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಿತ್ತು. ಕೊನೆಗೆ ಮುಖ್ಯಮಂತ್ರಿಯೇ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎನ್ನಬೇಕಾಯಿತು.

ಸರಿಪಡಿಸುವುದು ಕಷ್ಟವೇನಲ್ಲ. ಸಾಮಾನು ಹಾಕಿ ದುಡಿಯುವ ಸಣ್ಣ ಕಸುಬುದಾರರ ಮಿತಿ ನೋಡುವಾಗ, ತೆರಿಗೆ ಕಟ್ಟಿ ತಂದ ಸಾಮಾನಿನ ಬೆಲೆಯನ್ನು ಕಳೆದು ಮಜೂರಿಯನ್ನಷ್ಟೇ ಎಣಿಸಲಿ. ರಾಜಿ ತೆರಿಗೆಯ ಶೇ 6ನ್ನೂ ಮಜೂರಿಗೆ ಮಾತ್ರ ಹಾಕಲಿ. ಅಂಗಡಿಯವರ ಮಿತಿಯನ್ನು 40 ಲಕ್ಷಕ್ಕೆ ಏರಿಸಿದ್ದು 2019ರ ಮಾರ್ಚ್ 7ರ ಒಂದು ಅಧಿಸೂಚನೆ. ಅದಕ್ಕೆ ಸಂಸತ್ತಿನಲ್ಲಿ ಹೊಸ ಕಾಯ್ದೆ ಬೇಕಾಗಿರಲಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಕುರ್ಚಿಯಿದೆ. ಎರಡರಲ್ಲಿ ಒಂದು ರಾಜ್ಯ ಈ ಬೇಡಿಕೆಯನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಿ.