ಅಲೆಗೂದಲಿಗೆ ಅಗಸೆಯ ಲೋಳೆ

ಹಳೆಯ ಚಲಚ್ಚಿತ್ರಗಳ ನಾಯಿಕೆಯರ ಅಲೆಯಲೆಯಾದ ಕೇಶಾಲಂಕಾರವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಯಸುವ ತರುಣಿಯರು ಮೊದಲು ಕೊಳ್ಳುವುದು ವಿದ್ಯುತ್ ಇಕ್ಕಳವನ್ನು. ಈ ವೆಚ್ಚ ಅನಾವಶ್ಯಕ.

ಕಾದ ಇಕ್ಕಳದ ವಿಧಾನವನ್ನು 1870ರ ದಶಕದಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ ಪ್ರಚಾರಕ್ಕೆ ತಂದನು. 1920ರ ದಶಕದಲ್ಲಿ ಜನಪ್ರಿಯವಾದ ಬೆರಳಿನ ಅಲೆಗಾದರೋ ಬೆಂಕಿಯೇ ಬೇಡ. ಕೂದಲಿನ ಕೆರಾಟಿನ್ ಎಂಬ ಸಸಾರಜನಕದಲ್ಲಿರುವ ಜಲಜನಕ ಬಂಧಗಳು ನೀರು ತಾಗಿದೊಡನೆ ಸಡಿಲಗೊಂಡು, ಒಣಗುವಾಗ ಇದ್ದ ಆಕಾರದಲ್ಲಿಯೇ ಮತ್ತೆ ಕೂಡಿಕೊಳ್ಳುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಯಾಗುವ ಅಗಸೆಬೀಜವನ್ನು ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಸೋಸಬೇಕು (ಆರಿದರೆ ಬಟ್ಟೆಯಿಂದ ಇಳಿಯದು). ಆರಿದ ಲೋಳೆಯನ್ನು ಒದ್ದೆಗೂದಲಿಗೆ ಸವರಿ, ಒಂದು ಸಾಲನ್ನು ಮುಂದಕ್ಕೂ ಮರುಸಾಲನ್ನು ಹಿಂದಕ್ಕೂ ಬಾಚಿ, ನಡುವಣ ಉಬ್ಬನ್ನು ಬೆರಳುಗಳಿಂದ ಒತ್ತಿ ಹಿಡಿದು ಕ್ಲಿಪ್ಪು ಹಾಕಬೇಕು. ಪೂರ್ತಿ ಒಣಗುವ ಮುನ್ನ ಬಿಚ್ಚಿದರೆ ಶ್ರಮವೆಲ್ಲ ವ್ಯರ್ಥ.

ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಈ ಅಲೆ ಬಹಳ ಹೊತ್ತು ನಿಲ್ಲದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಅವಸರದಲ್ಲಿ ಒದ್ದೆಗೂದಲಿಗೆ ಕಾದ ಇಕ್ಕಳ ತಾಗಿಸಿದರೆ ಒಳಗಿನ ನೀರು ಆವಿಯಾಗಿ, ಎಳೆಯಲ್ಲಿ ಗುಳ್ಳೆಗಳೆದ್ದು ಕೂದಲು ಅಲ್ಲಿಯೇ ಮುರಿಯುತ್ತದೆ. ರಾಜ್ಯೋತ್ಸವದ ಒಂದು ಸಂಜೆಯ ಅಲಂಕಾರಕ್ಕೆ ಇದು ವಿಪರೀತ ಬಡ್ಡಿ. ಲೋಳೆಯ ಅಲೆ ತಲೆ ತೊಳೆದೊಡನೆ ಹೋಗುತ್ತದೆ, ಕೂದಲು ಉಳಿಯುತ್ತದೆ. ಮಿಕ್ಕ ಲೋಳೆಯನ್ನು ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಬಳಸತಕ್ಕದ್ದು. ವಾಸನೆ ಬಂದರೆ ಚೆಲ್ಲಿಬಿಡಬೇಕು.